ಅಳತೆಯ ಸಾಕ್ಷಿ: ಹಳೆಯ ವಿದ್ಯುತ್ ಮಾಪಕಗಳ ಬದಲಾವಣೆ ಕುರಿತು ಒಂದು ಜಾನಪದೀಯ ವಿವೇಚನೆ

ಕಣದಲ್ಲಿ ರಾಶಿ ಅಳೆಯುವುದನ್ನು ಕನ್ನಡ ನಾಡಿನ ಒಕ್ಕಲು ಸಮಾಜವು ಬರಿಯ ಲೆಕ್ಕದ ಕೆಲಸವೆಂದು ಭಾವಿಸಿರಲಿಲ್ಲ. ತೂರಿ ಒಟ್ಟಿದ ರಾಶಿಯ ಮೇಲೆ ಸಗಣಿಯ ಬೆನಕನನ್ನಿಟ್ಟು, ಗರಿಕೆ ಸಿಕ್ಕಿಸಿ, ಪೂಜೆ ಸಲ್ಲಿಸಿದ ಮೇಲೆಯೇ ಕೊಳಗವು ರಾಶಿಗೆ ಇಳಿಯುತ್ತಿತ್ತು. ಕಾಲಿನ ಚಪ್ಪಲಿ ಕಳಚದೆ ಯಾರೂ ಕಣವನ್ನು ಮೆಟ್ಟುತ್ತಿರಲಿಲ್ಲ. ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿ ಅನೇಕ ಕಡೆ ಹಿರಿಯರ ನೆನಪಿನಲ್ಲಿ ಇನ್ನೂ ಉಳಿದಿದೆ. ಅಳೆಯುವವನೊಬ್ಬ, ಎಣಿಕೆ ಹಿಡಿಯುವವನೊಬ್ಬ, ಸುತ್ತ ನಿಂತು ನೋಡುವವರು ಹಲವರು. ಒಡೆಯ, ಗೇಣಿದಾರ, ಆಯಗಾರ ಇವರೆಲ್ಲರ ಪಾಲೂ ಆ ಒಂದು ಕೊಳಗದ ಬಾಯಿಯಲ್ಲಿ ತೀರ್ಮಾನವಾಗುತ್ತಿದ್ದುದರಿಂದ ಎಲ್ಲರ ಕಣ್ಣೂ ಆ ಬಾಯಿಯ ಮೇಲೆಯೇ ನೆಟ್ಟಿರುತ್ತಿತ್ತು. ಗೋಪುರದಂತೆ ತುಂಬಿ ಅಳೆಯಬೇಕೋ, ಅಂಚಿಗೆ ಸವರಿ ಅಳೆಯಬೇಕೋ ಎಂಬುದೂ ಮೊದಲೇ ಗೊತ್ತಾಗಿರುತ್ತಿತ್ತು. ಸಾಲ ಕೊಡುವಾಗ ಸಣ್ಣ ಸೇರು, ಸಾಲ ಹಿಂಪಡೆಯುವಾಗ ದೊಡ್ಡ ಸೇರು ಬಳಸುವ ಸಾಹುಕಾರನು ಜನರ ಕಥೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಅಕಾರಣವಲ್ಲ. ಅಳತೆಯ ಪಾತ್ರೆ ಬದಲಾಗುವ ಗಳಿಗೆಯೇ ಮೋಸಕ್ಕೆ ಎಡೆಯಾಗುವ ಗಳಿಗೆ ಎಂಬ ತಿಳಿವಳಿಕೆ ಆ ಕಥೆಗಳ ಹಿಂದಿದೆ.

ಇಂದು ಪ್ರತಿಯೊಂದು ಮನೆಯ ಗೋಡೆಯ ಮೇಲೂ ಒಂದು ಅಳತೆಯ ಸಾಧನವಿದೆ. ಸರಕಾರಿ ಕಾಗದದಲ್ಲಿ ಅದು ‘ವಿದ್ಯುತ್ ಮಾಪಕ’. ಜನರ ಮಾತಿನಲ್ಲಿ ‘ಮೀಟರು’. ಈ ಮೀಟರುಗಳು ಹಳತಾಗುತ್ತವೆ, ಬದಲಾಗುತ್ತವೆ. ತಿರುಗುವ ಚಕ್ರದ ಮೀಟರಿನಿಂದ ಎಲೆಕ್ಟ್ರಾನಿಕ್ ಮೀಟರಿಗೆ, ಅಲ್ಲಿಂದ ಸ್ಮಾರ್ಟ್ ಮೀಟರಿಗೆ, ಮುಂದೆ ಮುಪ್ಪಾದ ಸ್ಮಾರ್ಟ್ ಮೀಟರಿನಿಂದ ಮತ್ತೊಂದು ತಲೆಮಾರಿನ ಸ್ಮಾರ್ಟ್ ಮೀಟರಿಗೆ ಸಾಗುವ ಈ ಬದಲಾವಣೆಯನ್ನು ಸಾಮಾನ್ಯವಾಗಿ ತಂತ್ರಜ್ಞರೂ ಹಣಕಾಸಿನವರೂ ಯೋಜಿಸುತ್ತಾರೆ. ಅಳತೆಯ ಪಾತ್ರೆಯನ್ನು ಬದಲಿಸುವ ಪ್ರಶ್ನೆ ಇದರಲ್ಲಿ ಇರುವುದರಿಂದ ಜಾನಪದ ಅಧ್ಯಯನಕ್ಕೂ ಇದರಲ್ಲಿ ಹೇಳುವ ಮಾತಿದೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೊಯಿಡಾ ಹಾಗೂ ಮುಂಡಗೋಡ ತಾಲೂಕುಗಳ ಪರಿಸರವನ್ನು ಮುಂದಿಟ್ಟುಕೊಂಡು ಆ ಮಾತನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ದೀಪದ ಬುಡ

ಈ ಪ್ರದೇಶವನ್ನು ಆರಿಸಿಕೊಳ್ಳಲು ಕಾರಣವಿದೆ. ಕಾಳಿ ನದಿಗೆ ಜೊಯಿಡಾ ತಾಲೂಕಿನ ಸೂಪಾದಲ್ಲಿ ೧೦೧ ಮೀಟರ್ ಎತ್ತರದ ಅಣೆಕಟ್ಟು ೧೯೮೭ರ ಹೊತ್ತಿಗೆ ಪೂರ್ಣಗೊಂಡಿತು. ಅಣೆಕಟ್ಟಿನ ಬುಡದಲ್ಲಿ ೧೦೦ ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಕೆಳಗೆ ಬೊಮ್ಮನಹಳ್ಳಿ ಜಲಾಶಯದಿಂದ ಸುರಂಗದ ಮೂಲಕ ಹರಿಯುವ ನೀರು ನಾಗಝರಿಯ ಆರು ಘಟಕಗಳನ್ನು ತಿರುಗಿಸುತ್ತದೆ. ಇನ್ನೂ ಕೆಳಗೆ ಕೊಡಸಳ್ಳಿ ಮತ್ತು ಕದ್ರಾ. ಕರ್ನಾಟಕದ ಜಲವಿದ್ಯುತ್ತಿನ ಲೆಕ್ಕದಲ್ಲಿ ಶರಾವತಿಯ ಜೊತೆಗೆ ಹೆಸರಿಸಬೇಕಾದ ನದಿ ಕಾಳಿ. ತಾಲೂಕಿನ ಕೇಂದ್ರವೇ ಆಗಿದ್ದ ಹಳೆಯ ಸೂಪಾ ಪೇಟೆ ನೀರಿನಲ್ಲಿ ಮುಳುಗಿತು. ಆಡಳಿತ ಜೊಯಿಡಾಕ್ಕೆ ಬಂದಿತು. ನೆಲೆ ಕಳೆದುಕೊಂಡ ಅನೇಕರು ರಾಮನಗರದಲ್ಲಿ ಮರುವಸತಿ ಪಡೆದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಊರಿನ ಅವಶೇಷಗಳು ಮೇಲೆ ಕಾಣಿಸುವುದನ್ನು ಹೋಗಿ ನೋಡಿ ಬರುವವರಿದ್ದಾರೆ.

ಇಷ್ಟು ವಿದ್ಯುತ್ ಹುಟ್ಟುವ ನೆಲದಲ್ಲಿಯೇ ಕಾಡಿನೊಳಗಿನ ಹಲವು ಮಜರೆಗಳಿಗೆ ತಂತಿ ತೀರ ತಡವಾಗಿ ತಲುಪಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಮನೆಗಳು ಒಂದಕ್ಕೊಂದು ದೂರ, ನಡುವೆ ಕಾಡು, ತಂತಿ ಎಳೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ೨೦೧೫ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಮರುನಾಮಕರಣಗೊಂಡ ಅಣಶಿ–ದಾಂಡೇಲಿ ಅರಣ್ಯ ಈ ತಾಲೂಕಿನ ಬಹುಭಾಗವನ್ನು ಆವರಿಸಿದೆ. ಕುಣಬಿಗಳು, ಗೌಳಿಗಳು, ಸಿದ್ದಿಗಳು ಇಲ್ಲಿ ವಾಸಿಸುತ್ತಾರೆ. ಮನೆಮಾತು ಕೊಂಕಣಿ, ಮರಾಠಿ. ಕಚೇರಿಯ ಮಾತು ಕನ್ನಡ.

ಉಳಿದ ಮೂರು ತಾಲೂಕುಗಳ ಸ್ವರೂಪ ಬೇರೆ. ಹಳಿಯಾಳದಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದ ದಾಂಡೇಲಿಯು, ೧೯೫೫ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರು. ಅಲ್ಲಿ ಸಾಲು ಮನೆಗಳೂ ಕಾರ್ಮಿಕರ ವಸತಿಗಳೂ ಒತ್ತೊತ್ತಾಗಿವೆ. ಹಳಿಯಾಳ ಮತ್ತು ಮುಂಡಗೋಡಗಳು ಬಯಲುಸೀಮೆಯ ಕಡೆಗೆ ಮುಖ ಮಾಡಿದ ಕೃಷಿ ತಾಲೂಕುಗಳು. ಮುಂಡಗೋಡದಲ್ಲಿ ೧೯೬೬ರಿಂದ ಟಿಬೆಟನ್ ನಿರಾಶ್ರಿತರ ವಸತಿಯಿದ್ದು, ಗಾಡೆನ್ ಮತ್ತು ಡ್ರೆಪುಂಗ್ ಬೌದ್ಧ ಮಠಗಳು ಅಲ್ಲಿ ಪುನಃ ಸ್ಥಾಪನೆಗೊಂಡಿವೆ. ನಾಲ್ಕೂ ಕಡೆ ವಿದ್ಯುತ್ ಪೂರೈಸುವ ಸಂಸ್ಥೆ ಮಾತ್ರ ಒಂದೇ. ೨೦೦೨ರಲ್ಲಿ ರೂಪುಗೊಂಡ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ, ಏಳು ಜಿಲ್ಲೆಗಳನ್ನು ನೋಡಿಕೊಳ್ಳುತ್ತದೆ. ವಿಜಯಪುರದ ಬಿಸಿಲಿಗೂ ಜೊಯಿಡಾದ ಮಳೆಗೂ ಒಂದೇ ಬಗೆಯ ಮೀಟರು ಸಾಕೇ ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ.

ಚಕ್ರ, ಮಿಣುಕು, ಮೌನ

ವಿದ್ಯುತ್ತಿಗೆ ಮೈಯಿಲ್ಲ. ಭತ್ತವನ್ನು ಮುಟ್ಟಿ ನೋಡಬಹುದು. ಹಾಲನ್ನು ಪಾತ್ರೆಯಲ್ಲಿ ಕಾಣಬಹುದು. ಸಾವಿರ ವ್ಯಾಟ್ ಶಕ್ತಿಯನ್ನು ಒಂದು ಗಂಟೆ ಬಳಸಿದರೆ ಒಂದು ಯೂನಿಟ್ ಎಂಬುದು ಪಠ್ಯಪುಸ್ತಕದ ವಿವರಣೆ. ಜನರು ಇದನ್ನು ದೀಪಕ್ಕೆ ಪರಿವರ್ತಿಸಿಕೊಂಡು ಅರಿಯುತ್ತಾರೆ. ೪೦ ವ್ಯಾಟಿನ ಹಳೆಯ ಬಲ್ಬು ೨೫ ಗಂಟೆ ಉರಿದರೆ ಒಂದು ಯೂನಿಟ್. ೯ ವ್ಯಾಟಿನ ಎಲ್‌ಇಡಿ ಬಲ್ಬು ೧೧೦ ಗಂಟೆಗೂ ಮಿಕ್ಕಿ ಉರಿಯಬೇಕು. ಸೇರು ಪಾವುಗಳಂತೆ ಕೈಗೆಟುಕುವ ಅಳತೆ ಇಲ್ಲದಲ್ಲಿ ನಂಬಿಕೆಯ ಭಾರವೆಲ್ಲ ಅಳೆಯುವ ಸಾಧನದ ಮೇಲೆ ಬೀಳುತ್ತದೆ.

ಹಳೆಯ ಮೀಟರಿನಲ್ಲಿ ಒಂದು ಅಲ್ಯುಮಿನಿಯಂ ಚಕ್ರವಿತ್ತು. ಮನೆಯೊಳಗೆ ವಿದ್ಯುತ್ ಹರಿದಷ್ಟು ಅದು ತಿರುಗುತ್ತಿತ್ತು. ಅಂಚಿನ ಬಣ್ಣದ ಗುರುತು ಗಾಜಿನ ಮುಂದೆ ಹಾದುಹೋಗುವುದನ್ನು ಮಕ್ಕಳೂ ಎಣಿಸಬಹುದಿತ್ತು. ಬಿಲ್ಲು ಹೆಚ್ಚು ಬಂದರೆ ಮನೆಯ ದೀಪ ಫ್ಯಾನುಗಳನ್ನೆಲ್ಲ ಆರಿಸಿ, ಚಕ್ರ ನಿಂತಿತೇ ಎಂದು ನೋಡುವುದು ಮನೆಮನೆಯ ಪರೀಕ್ಷೆ. ನಿಲ್ಲದಿದ್ದರೆ ಎಲ್ಲಿಯೋ ಸೋರಿಕೆ ಇದೆ ಎಂದು ಅರ್ಥ. ಈ ಪರೀಕ್ಷೆಯನ್ನು ಯಾವ ಕಂಪನಿಯೂ ಕಲಿಸಿಕೊಟ್ಟದ್ದಲ್ಲ. ಕೊಳಗದ ಬಾಯಿಯನ್ನು ನೋಡುತ್ತ ನಿಂತವರ ಕಣ್ಣೇ ಚಕ್ರದ ಮೇಲೆಯೂ ನಿಂತಿತು. ‘ಮೀಟರು ಓಡುತ್ತದೆ’ ಎಂಬ ನುಡಿಗಟ್ಟು ಆ ಚಕ್ರದಿಂದ ಹುಟ್ಟಿದ್ದು. ಚಕ್ರವಿಲ್ಲದ ಮೀಟರು ಬಂದ ಮೇಲೂ ಮಾತು ಬದಲಾಗಿಲ್ಲ.

ಎಲೆಕ್ಟ್ರಾನಿಕ್ ಮೀಟರು ಬಂದಾಗ ಚಕ್ರದ ಜಾಗದಲ್ಲಿ ಒಂದು ಕೆಂಪು ಮಿಣುಕು ದೀಪ ಬಂದಿತು. ಇಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂದು ಅದರ ಮುಖದ ಮೇಲೆ ಬರೆದಿರುತ್ತದೆ. ಓದಬಲ್ಲವರಿಗೆ, ಎಣಿಸುವ ತಾಳ್ಮೆ ಇರುವವರಿಗೆ ಅದೂ ಸಾಕ್ಷಿಯೇ. ತಿಂಗಳಿಗೊಮ್ಮೆ ಮಾಪಕ ಓದುಗನೋ, ಹಳ್ಳಿಗಳಲ್ಲಿ ಗ್ರಾಮ ವಿದ್ಯುತ್ ಪ್ರತಿನಿಧಿಯೋ ಮನೆಯಂಗಳಕ್ಕೆ ಬಂದು ಅಂಕಿ ಓದಿ, ಕೈಯಂತ್ರದಿಂದ ಬಿಲ್ಲು ಹರಿದು ಕೊಡುವ ಪದ್ಧತಿ ಬಂದಿತು. ಮರಾಠಿಯಲ್ಲಿ ಕಾಳು ಅಳೆಯುವವನಿಗೆ ‘ಮಾಪಾರಿ’ ಎನ್ನುತ್ತಾರೆ. ಹಳಿಯಾಳದ ಸೀಮೆಯ ಮಟ್ಟಿಗೆ ಈ ಓದುಗನು ಹೊಸ ಕಾಲದ ಮಾಪಾರಿ. ಆತ ಪರಿಚಿತ, ಆತನ ಮುಂದೆ ಜಗಳ ತೆಗೆಯಬಹುದು, ಮತ್ತೊಮ್ಮೆ ಓದೆಂದು ಹೇಳಬಹುದು.

ಸ್ಮಾರ್ಟ್ ಮೀಟರಿನಲ್ಲಿ ಈ ಅಂಗಳದ ಭೇಟಿ ಇಲ್ಲವಾಗುತ್ತದೆ. ಅದು ತಾನಾಗಿಯೇ ಅಂಕಿಗಳನ್ನು ದೂರದ ಗಣಕಯಂತ್ರಕ್ಕೆ ಕಳಿಸುತ್ತದೆ. ಅಲ್ಲಿಂದಲೇ ಸಂಪರ್ಕ ಕಡಿಯಬಹುದು, ಮತ್ತೆ ಕೊಡಬಹುದು. ಮುಂಗಡ ಹಣ ತುಂಬಿ ಬಳಸುವ ವ್ಯವಸ್ಥೆಯನ್ನೂ ಅಳವಡಿಸಬಹುದು. ಅದರ ಮುಖದ ಮೇಲೂ ಅಂಕಿಗಳಿವೆ, ಮಿಣುಕು ದೀಪವೂ ಇದೆ. ಆದರೆ ಅಳೆಯುವವನೂ ಅಳೆಸಿಕೊಳ್ಳುವವನೂ ಎದುರುಬದುರು ನಿಲ್ಲುವ ಗಳಿಗೆ ಇಲ್ಲ. ಕಣದಿಂದ ಸ್ಮಾರ್ಟ್ ಮೀಟರಿನವರೆಗಿನ ದಾರಿಯಲ್ಲಿ ಅಳತೆ ಹೆಚ್ಚು ನಿಖರವಾಗುತ್ತ ಬಂದಿದೆ. ಸಾಕ್ಷಿಯ ಪಾಲು ಕಡಿಮೆಯಾಗುತ್ತ ಬಂದಿದೆ.

ಹೊಸ ಮೀಟರು ಏಕೆ ‘ಓಡುತ್ತದೆ’

ಮೀಟರು ಬದಲಿಸಿದ ಮೇಲೆ ಬಿಲ್ಲು ಏರಿತು ಎಂಬ ದೂರು ಎಲ್ಲೆಡೆ ಕೇಳಿಬರುವಂಥದು. ಇದನ್ನು ಅಜ್ಞಾನವೆಂದು ತಳ್ಳಿಹಾಕುವ ವಿದ್ಯಾವಂತರ ಧೋರಣೆ ಸರಿಯಲ್ಲ. ಚಕ್ರದ ಮೀಟರಿನಲ್ಲಿ ತಿರುಗುವ ಭಾಗಗಳಿವೆ. ವರ್ಷಗಳು ಕಳೆದಂತೆ ಅದರ ತಿರುಗುಮೊಳೆ ಸವೆಯುತ್ತದೆ, ಧೂಳು ಕೂರುತ್ತದೆ, ಘರ್ಷಣೆ ಹೆಚ್ಚುತ್ತದೆ. ಒಂದು ಸಣ್ಣ ಎಲ್‌ಇಡಿ ದೀಪವೋ ಮೊಬೈಲ್ ಚಾರ್ಜರೋ ಎಳೆಯುವ ಅಲ್ಪ ವಿದ್ಯುತ್ತಿಗೆ ಅಂಥ ಮುಪ್ಪಾದ ಚಕ್ರ ಕದಲದೇ ಉಳಿಯುವುದುಂಟು. ಎಲೆಕ್ಟ್ರಾನಿಕ್ ಮೀಟರಿಗೆ ಈ ಜಡತೆ ಇಲ್ಲ. ಅದು ಅಲ್ಪವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದುದರಿಂದ ಬಳಕೆ ಒಂದಿಷ್ಟೂ ಬದಲಾಗದೆಯೇ ಅಂಕಿ ಏರಬಹುದು. ಕಂಪನಿಯ ದೃಷ್ಟಿಯಲ್ಲಿ ಹಳೆಯದು ನಿಧಾನವಾಗಿತ್ತು, ಹೊಸದು ಸರಿಯಾಗಿದೆ. ಮನೆಯವರ ದೃಷ್ಟಿಯಲ್ಲಿ ನಿನ್ನೆಯ ಸೇರು ಇಂದು ಸೇರಾಗಿ ಉಳಿದಿಲ್ಲ. ಎರಡೂ ನಿಜ.

ಈ ವ್ಯತ್ಯಾಸ ಚಿಕ್ಕದೆಂದು ತೋರಬಹುದು. ಚಿಕ್ಕ ಮನೆಗಳಿಗೆ ಅದು ಚಿಕ್ಕದಲ್ಲ. ಬಡವರ ಮನೆಗೊಂದು ದೀಪ ಕೊಡುವ ಭಾಗ್ಯಜ್ಯೋತಿ, ಅನಂತರದ ಕುಟೀರಜ್ಯೋತಿ ಯೋಜನೆಗಳ ಮೂಲಕ ಈ ತಾಲೂಕುಗಳ ಎಷ್ಟೋ ಗುಡಿಸಲುಗಳಿಗೆ ಮೊದಲ ಬೆಳಕು ಬಂದಿತು. ಆ ಮನೆಗಳಿಗೆ ಉಚಿತವಾಗಿ ದೊರೆಯುತ್ತಿದ್ದುದು ತಿಂಗಳಿಗೆ ೧೮ ಯೂನಿಟ್, ಮುಂದೆ ೪೦ ಯೂನಿಟ್. ೨೦೨೩ರಲ್ಲಿ ಬಂದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ ೨೦೦ ಯೂನಿಟ್ಟಿನವರೆಗೆ ಉಚಿತವೆಂದು ಪ್ರಸಿದ್ಧವಾಯಿತು. ಆದರೆ ಎಲ್ಲರಿಗೂ ೨೦೦ ಯೂನಿಟ್ ಎಂದು ಅದರ ಅರ್ಥವಲ್ಲ. ೨೦೨೨–೨೩ನೆಯ ಸಾಲಿನಲ್ಲಿ ಆ ಮನೆ ಬಳಸಿದ ತಿಂಗಳ ಸರಾಸರಿಗೆ ಶೇಕಡಾ ೧೦ನ್ನು ಸೇರಿಸಿ ಆ ಮನೆಯ ಮಿತಿಯನ್ನು ಗೊತ್ತುಮಾಡಲಾಯಿತು. ೨೦೨೪ರ ಆರಂಭದಲ್ಲಿ, ೪೮ ಯೂನಿಟ್ಟಿನೊಳಗೆ ಬಳಸುವವರಿಗೆ ಶೇಕಡಾ ೧೦ರ ಬದಲು ೧೦ ಯೂನಿಟ್ ಹೆಚ್ಚುವರಿ ಕೊಡುವ ತೀರ್ಮಾನವಾಯಿತು. ಮಿತಿಯನ್ನು ಮೀರಿದ ಯೂನಿಟ್ಟುಗಳಿಗೆ ಮನೆಯವರೇ ಹಣ ತೆರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಿತಿಯನ್ನು ಅಳೆದದ್ದು ಹಳೆಯ ಮೀಟರು. ಬಳಕೆಯನ್ನು ಅಳೆಯಲಿರುವುದು ಹೊಸ ಮೀಟರು. ಉದಾಹರಣೆಗೆ, ನಿಧಾನವಾಗಿ ತಿರುಗುವ ಹಳೆಯ ಮೀಟರಿನಲ್ಲಿ ತಿಂಗಳಿಗೆ ಸರಾಸರಿ ೩೦ ಯೂನಿಟ್ ದಾಖಲಾದ ಒಂದು ಮನೆಯ ಮಿತಿ ೪೦ ಯೂನಿಟ್ ಎಂದಾಗಿರಲಿ. ಕಾಲಕ್ರಮದಲ್ಲಿ ಒಂದು ಮಿಕ್ಸರೋ ಟಿವಿಯೋ ಬಂದು ಆ ಮೀಟರು ೩೮ನ್ನು ತೋರಿಸುತ್ತಿರಲಿ. ಮನೆಯವರು ಮಿತಿಯೊಳಗೇ ಇದ್ದಾರೆ. ಮೀಟರು ಬದಲಾಗಿ ಅದೇ ಬಳಕೆ ೪೩ ಎಂದು ದಾಖಲಾದರೆ ಮೂರು ಯೂನಿಟ್ಟಿನ ಬಿಲ್ಲು ಮನೆಗೆ ಬರುತ್ತದೆ. ಮೊತ್ತ ಸಣ್ಣದು. ಆದರೆ ಕೊಡುವ ಸೇರು ಒಂದು, ಕೊಳ್ಳುವ ಸೇರು ಇನ್ನೊಂದು ಎಂಬ ಹಳೆಯ ಕಥೆಯ ಆಕಾರ ಇದಕ್ಕಿದೆ. ಮನೆಯವರಿಗೆ ಆ ಕಥೆ ನೆನಪಾದರೆ ಅದು ಅವರ ತಪ್ಪಲ್ಲ. ಹಿಂದಿನ ದಾಖಲೆಯೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ ೫೩ ಯೂನಿಟ್ಟನ್ನು ಆಧಾರವಾಗಿ ಹಿಡಿಯುವ ಮಾರ್ಗ ಆ ಯೋಜನೆಯಲ್ಲಿಯೇ ಇತ್ತು. ಕೆಟ್ಟ ಮೀಟರಿನ ದಾಖಲೆ ಇರುವ ಮನೆಗಳ ವಿಷಯದಲ್ಲಿಯೂ ಅಂಥದೊಂದು ಮಾರ್ಗ ಯೋಚಿಸಬಹುದಾದುದೇ.

ಅಳತೆ ಬದಲಾದ ಇನ್ನೊಂದು ಕಾಲ

ನಾಡು ತನ್ನ ಅಳತೆಗಳನ್ನೆಲ್ಲ ಒಮ್ಮೆಗೇ ಬದಲಿಸಿಕೊಂಡ ಒಂದು ನಿದರ್ಶನ ಇನ್ನೂ ಬಹಳ ಹಿಂದಿನದೇನಲ್ಲ. ೧೯೫೬ರ ಕಾನೂನಿನ ಮೇರೆಗೆ ಮೆಟ್ರಿಕ್ ತೂಕ ಅಳತೆಗಳು ೧೯೫೮ರ ಅಕ್ಟೋಬರಿನಿಂದ ಹಂತಹಂತವಾಗಿ ಬಳಕೆಗೆ ಬಂದವು. ಅದಕ್ಕೂ ಮೊದಲು ೧೯೫೭ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂದಿತ್ತು. ಘಟ್ಟದ ಮೇಲಿನ ಈ ಸೀಮೆಯಲ್ಲಿ ಕನ್ನಡದ ಸಿದ್ದೆ, ಸೇರು, ಕೊಳಗ, ಖಂಡುಗಗಳ ಜೊತೆಗೆ ಮರಾಠಿ–ಕೊಂಕಣಿಯ ಪಾಯಲಿ, ಖಂಡಿಗಳೂ ಚಲಾವಣೆಯಲ್ಲಿದ್ದವು. ಒಂದೇ ಹೆಸರಿನ ಅಳತೆ ಊರಿಂದೂರಿಗೆ ಬೇರೆಯಾಗುತ್ತಿತ್ತು. ಇವನ್ನೆಲ್ಲ ಕಿಲೋ ಲೀಟರುಗಳಿಗೆ ಒಗ್ಗಿಸುವ ಕೆಲಸ ಸುಲಭದ್ದಾಗಿರಲಿಲ್ಲ. ಆದರೂ ಆ ಯೋಜನೆಯಲ್ಲಿ ಒಂದು ವಿವೇಕವಿತ್ತು. ಹಳೆಯ ಮತ್ತು ಹೊಸ ಅಳತೆಗಳು ಕೆಲಕಾಲ ಜೊತೆಜೊತೆಯಾಗಿ ಬಳಕೆಯಲ್ಲಿರಲು ಅವಕಾಶವಿತ್ತು. ಎರಡನ್ನೂ ಹೋಲಿಸುವ ಪಟ್ಟಿಗಳು ಅಂಗಡಿಗಳಲ್ಲಿ ತೂಗುತ್ತಿದ್ದವು. ಜನರು ತಮ್ಮ ಸೇರಿನಿಂದ ಅಳೆದು ಕಿಲೋವಿನಿಂದ ತೂಗಿ ನೋಡಿ ಮನದಟ್ಟು ಮಾಡಿಕೊಂಡರು. ಹಳೆಯ ಹೆಸರುಗಳು ಮಾತಿನಲ್ಲಿ ಉಳಿದುಕೊಂಡವು ಎಂಬುದು ಸೋಲಿನ ಗುರುತಲ್ಲ.

ಅಂಗಡಿಯ ತೂಕದ ಕಲ್ಲಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಎರಡು ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಒತ್ತುತ್ತಾರೆ. ವಿದ್ಯುತ್ ಮೀಟರಿನ ವಿಷಯದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ೨೦೦೬ರ ನಿಯಮಗಳು ಗ್ರಾಹಕರ ಮೀಟರನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಸ್ಥಳದಲ್ಲಿಯೇ ಪರೀಕ್ಷಿಸಬೇಕು, ಇಲ್ಲವೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಬೇರೊಂದನ್ನು ಅದರ ಜಾಗದಲ್ಲಿ ಅಳವಡಿಸಬೇಕು ಎನ್ನುತ್ತವೆ. ನಿಯಮ ಒಳ್ಳೆಯದು. ತಮ್ಮ ಮನೆಯ ಮೀಟರನ್ನು ಪರೀಕ್ಷಿಸಿದ್ದನ್ನು ಕಣ್ಣಾರೆ ಕಂಡವರು ಹಳ್ಳಿಯಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಮಾತು ಬೇರೆಯಾಗುತ್ತದೆ. ಜರ್ಮನಿಯಲ್ಲಿ ಮೀಟರಿನ ಮುದ್ರೆಗೆ ಕಾಲಮಿತಿ ಉಂಟು. ಚಕ್ರದ ಮೀಟರಿಗೆ ೧೬ ವರ್ಷ, ಎಲೆಕ್ಟ್ರಾನಿಕ್ ಮೀಟರಿಗೆ ೮ ವರ್ಷ. ಒಂದು ತಂಡದ ಮೀಟರುಗಳಲ್ಲಿ ಕೆಲವನ್ನು ಆರಿಸಿ ಪರೀಕ್ಷಿಸಿ, ಅವು ಸರಿಯಿದ್ದರೆ ಇಡೀ ತಂಡದ ಅವಧಿಯನ್ನು ವಿಸ್ತರಿಸುವ ಪದ್ಧತಿಯೂ ಅಲ್ಲಿದೆ. ಹೊಸ ತಂತ್ರದ ಸಾಧನಕ್ಕೆ ಹಳೆಯದರ ಅರ್ಧ ಆಯುಸ್ಸನ್ನು ಮಾತ್ರ ಕೊಟ್ಟಿರುವುದು ಗಮನಾರ್ಹ.

ಸ್ಮಾರ್ಟ್ ಮೀಟರಿನ ಮುಪ್ಪು

ಚಕ್ರದ ಮೀಟರು ಮುಪ್ಪಾದರೆ ನಿಧಾನವಾಗುತ್ತದೆ. ಸ್ಮಾರ್ಟ್ ಮೀಟರಿನ ಮುಪ್ಪು ಹಾಗಲ್ಲ. ಅದರ ಅಳೆಯುವ ಭಾಗ ಸರಿಯಿದ್ದರೂ ಗಡಿಯಾರದ ಬ್ಯಾಟರಿ ಸೋಲಬಹುದು, ಬಿಸಿಲಿಗೆ ಅಂಕಿಫಲಕ ಮಂಕಾಗಬಹುದು, ಸಂಪರ್ಕ ಕಡಿಯುವ ರಿಲೇ ಸುಟ್ಟುಹೋಗಬಹುದು. ಎಲ್ಲಕ್ಕಿಂತ ಮೊದಲು ಹಳತಾಗುವುದು ಅದರ ಮಾತನಾಡುವ ಶಕ್ತಿ. ಅದು ನೆಚ್ಚಿಕೊಂಡ ಮೊಬೈಲ್ ಜಾಲದ ತಲೆಮಾರು ಮುಚ್ಚಿಹೋದರೆ ಗಟ್ಟಿಮುಟ್ಟಾದ ಮೀಟರೂ ಮೂಕವಾಗುತ್ತದೆ. ಸಾಮಾನ್ಯವಾಗಿ ಹತ್ತು ವರ್ಷದ ಸುತ್ತಿನ ಆಯುಸ್ಸನ್ನು ಹಿಡಿದು ಇವುಗಳ ಯೋಜನೆ ಮಾಡುತ್ತಾರೆ.

ಇಟಲಿಯಲ್ಲಿ ೨೦೦೧ರಿಂದ ಮೂರು ಕೋಟಿಗೂ ಮಿಕ್ಕಿ ಮನೆಗಳಿಗೆ ಇಂಥ ಮೀಟರುಗಳನ್ನು ಹಾಕಿದ ಎನೆಲ್ ಸಂಸ್ಥೆಯು ೨೦೧೭ರಿಂದ ಅವುಗಳನ್ನು ಎರಡನೆಯ ತಲೆಮಾರಿನವುಗಳಿಂದ ಬದಲಿಸತೊಡಗಿತು. ೨೦೦೯ರ ಹೊತ್ತಿಗೆ ದೇಶದ ಎಲ್ಲ ಮನೆಗಳಿಗೂ ಹಾಕಿ ಮುಗಿಸಿದ್ದ ಸ್ವೀಡನ್ ಕೂಡ ಮತ್ತೊಮ್ಮೆ ಬದಲಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ಒಟ್ಟಾಗಿ ಹಾಕಿದವು ಕೆಲವೇ ವರ್ಷಗಳಲ್ಲಿ ಒಟ್ಟಾಗಿ ಮುಪ್ಪಾಗುತ್ತವೆ ಎಂಬುದು ಆ ದೇಶಗಳ ಅನುಭವ. ಕರ್ನಾಟಕದಲ್ಲಿ ಇದಕ್ಕೆ ಮೊದಲ ಕ್ಷೇತ್ರ ಮೈಸೂರು. ೨೦೧೦ರ ದಶಕದಲ್ಲಿ ಅಲ್ಲಿನ ವಿ.ವಿ. ಮೊಹಲ್ಲಾ ವಿಭಾಗದ ಸುಮಾರು ೨೨ ಸಾವಿರ ಗ್ರಾಹಕರನ್ನು ಒಳಗೊಂಡು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ಪ್ರಾಯೋಗಿಕ ಯೋಜನೆ ನಡೆಸಿತು. ದೇಶದ ಮಟ್ಟದಲ್ಲಿ ೨೦೨೧ರ ಕೇಂದ್ರ ಯೋಜನೆಯು ೨೫ ಕೋಟಿ ಸ್ಮಾರ್ಟ್ ಮೀಟರುಗಳ ಗುರಿಯನ್ನು ಹಾಕಿಕೊಂಡಿತು. ರಾಜ್ಯದಲ್ಲಿ ೨೦೨೫ರ ಫೆಬ್ರವರಿಯಲ್ಲಿ, ಮೊದಲಿಗೆ ಬೆಂಗಳೂರು ಭಾಗದ ಹೊಸ ಸಂಪರ್ಕಗಳಿಗೆ, ಸ್ಮಾರ್ಟ್ ಮೀಟರು ಕಡ್ಡಾಯವಾಯಿತು; ಅದರ ಬೆಲೆಯನ್ನು ಕುರಿತ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಹೊಸದನ್ನು ಹಾಕುವ ಬೆಲೆಯ ಬಗ್ಗೆ ಇಷ್ಟು ಚರ್ಚೆಯಾದರೂ ಹತ್ತು ವರ್ಷದ ಮೇಲೆ ಅದನ್ನು ಕೀಳುವ ಬೆಲೆಯ ಮಾತು ಹೆಚ್ಚು ಕೇಳಿಬರಲಿಲ್ಲ.

ನಾಲ್ಕು ತಾಲೂಕುಗಳ ಮಟ್ಟಿಗೆ ಈ ಯೋಜನೆ ಒಂದೇ ಅಚ್ಚಿನದಾಗಿರಲಾರದು. ದಾಂಡೇಲಿಯ ಸಾಲು ಮನೆಗಳಲ್ಲಿ ಮೀಟರಿನಿಂದ ಮೀಟರಿಗೆ ರೇಡಿಯೊ ಅಲೆಯ ಮೂಲಕ ಅಂಕಿ ದಾಟಿಸುವ ವ್ಯವಸ್ಥೆ ನಡೆಯಬಹುದು. ಜೊಯಿಡಾದಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೇ ಇರುವಲ್ಲಿ ಅದು ನಡೆಯದು; ಮೊಬೈಲ್ ಸಂಕೇತ ಸಿಗುವ ದಿನ್ನೆಯನ್ನು ಹುಡುಕಿಕೊಂಡು ಹೋಗಬೇಕಾದ ಊರುಗಳಲ್ಲಿ ಮೊಬೈಲ್ ಜಾಲವನ್ನು ನೆಚ್ಚುವ ಮೀಟರು ಹುಟ್ಟಿನಿಂದಲೇ ಅರೆಮೂಕ. ತಿಂಗಳುಗಟ್ಟಲೆ ಸುರಿವ ಮಳೆಯ ತೇವ, ಸಿಡಿಲು, ಬೆಚ್ಚನೆಯ ಡಬ್ಬಿಯೊಳಗೆ ಗೂಡು ಕಟ್ಟುವ ಇರುವೆ, ಹಲ್ಲಿಗಳು ಇವೆಲ್ಲ ಬಯಲುಸೀಮೆಯ ಆಯುಸ್ಸಿನ ಲೆಕ್ಕವನ್ನು ಇಲ್ಲಿ ಸುಳ್ಳು ಮಾಡುತ್ತವೆ. ಹಳಿಯಾಳ, ಮುಂಡಗೋಡಗಳ ಹೊಲಗಳಲ್ಲಿ ಪ್ರಶ್ನೆ ಮತ್ತೊಂದು. ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ೨೦೦೮ರಿಂದ ವಿದ್ಯುತ್ ಉಚಿತ. ಬಹುಪಾಲು ಪಂಪುಗಳಿಗೆ ಮೀಟರೇ ಇಲ್ಲದಿರುವುದರಿಂದ ಬಳಕೆಯನ್ನು ಪರಿವರ್ತಕದ ಬಳಿಯ ಮೀಟರಿನಿಂದ ಒಟ್ಟಾಗಿ ಅಂದಾಜು ಮಾಡುತ್ತಾರೆ. ಇಡೀ ಕಣದ ರಾಶಿಗೆ ಒಂದೇ ಅಳತೆ. ಯಾರ ಪಾಲು ಎಷ್ಟೆಂದು ಕೇಳುವಂತಿಲ್ಲ. ಪಂಪಿಗೆ ಮೀಟರು ಬೇಡವೆಂಬ ರೈತರ ನಿಲುವಿನಲ್ಲಿ, ಇಂದು ಅಳೆದವರು ನಾಳೆ ಹಣ ಕೇಳುತ್ತಾರೆ ಎಂಬ ಅನುಭವದ ಎಚ್ಚರವಿದೆ.

ಸಾಕ್ಷಿಯ ಮೀಟರು

ಮೀಟರು ಬದಲಿಸುವ ದಿನ ನಡೆಯಬೇಕಾದ ಕೆಲಸ ಮೇಲ್ನೋಟಕ್ಕೆ ಸರಳ. ಹಳೆಯದರ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ, ಎರಡರ ಕ್ರಮಸಂಖ್ಯೆ, ಮೊಹರಿನ ಸಂಖ್ಯೆ, ಮನೆಯ ಆರ್.ಆರ್. ನಂಬರು ಇವನ್ನು ಬರೆದು ಮನೆಯವರ ಸಹಿ ಪಡೆಯಬೇಕು. ಸುಗ್ಗಿಯ ದಿನಗಳಲ್ಲಿ ಜೊಯಿಡಾ, ಮುಂಡಗೋಡಗಳ ಹಳ್ಳಿಗಳಲ್ಲಿ ಹಗಲು ಮನೆಯಲ್ಲಿರುವವರು ವೃದ್ಧರೂ ಮಕ್ಕಳೂ ಮಾತ್ರ. ಗೌಳಿಗಳು ದನಗಳ ಹಿಂದೆ ಕಾಡಿನಲ್ಲಿರುತ್ತಾರೆ. ಅಂಥ ವೇಳೆ ನಡೆದ ಬದಲಾವಣೆಗೆ ಸಹಿ ಇರಬಹುದು, ಸಾಕ್ಷಿ ಇರುವುದಿಲ್ಲ. ಚೀಟಿಯ ಭಾಷೆಯ ಪ್ರಶ್ನೆಯೂ ಇದೆ. ಕೊಂಕಣಿ ಮನೆಮಾತಿನ ಕುಣಬಿ ಅಜ್ಜಿಗೂ ಟಿಬೆಟನ್ ಮಾತನಾಡುವ ಮುದುಕನಿಗೂ ಅದನ್ನು ಯಾರಾದರೂ ಓದಿ ಹೇಳಬೇಕು. ಯೋಜನೆಯ ವೇಳಾಪಟ್ಟಿಯಲ್ಲಿ ಸುಗ್ಗಿಯ, ಮಳೆಯ, ಜಾತ್ರೆಯ ದಿನಗಳನ್ನು ಗುರುತಿಸಿಕೊಂಡರೆ ಹೆಚ್ಚು ಖರ್ಚೇನೂ ತಗಲದು. ಹಳೆಯ ಮೀಟರನ್ನು ಆ ದಿನವೇ ಹೊತ್ತೊಯ್ಯದೆ, ಒಂದು ಬಿಲ್ಲಿನ ಅವಧಿ ಮುಗಿಯುವವರೆಗೆ ಗುರುತು ಹಾಕಿ ಕಾಯ್ದಿರಿಸುವುದೂ ಕಷ್ಟವಲ್ಲ. ಜಗಳ ಬಂದಾಗ ತೋರಿಸಲು ಹಳೆಯ ಕೊಳಗ ಇರಬೇಕು.

ಜನಪದದ ರೂಢಿಯಲ್ಲಿ ಹೊಸ ಕೊಳಗವನ್ನು ಒಪ್ಪುವ ಬಗೆ ಒಂದೇ. ಒಂದೇ ರಾಶಿಯನ್ನು ಹಳೆಯದರಿಂದಲೂ ಹೊಸದರಿಂದಲೂ ಎಲ್ಲರ ಎದುರಿಗೆ ಅಳೆದು ನೋಡುವುದು. ಕೇಂದ್ರ ಸರಕಾರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ೨೦೨೪ರ ಫೆಬ್ರವರಿಯಲ್ಲಿ ಆದ ತಿದ್ದುಪಡಿ ಈ ರೂಢಿಯನ್ನು ಅರಿಯದೆಯೇ ಅದರ ಸಮೀಪಕ್ಕೆ ಬಂದಿದೆ. ಮೀಟರಿನ ಅಂಕಿ ತನ್ನ ನಿಜವಾದ ಬಳಕೆಗೆ ಹೊಂದುತ್ತಿಲ್ಲವೆಂದು ಗ್ರಾಹಕನು ದೂರಿದರೆ, ದೂರು ಬಂದ ಐದು ದಿನಗಳೊಳಗೆ ಕಂಪನಿಯು ಇನ್ನೊಂದು ಮೀಟರನ್ನು ಜೊತೆಗೆ ಅಳವಡಿಸಬೇಕು. ಕನಿಷ್ಠ ಮೂರು ತಿಂಗಳ ಕಾಲ ಎರಡರ ಅಂಕಿಗಳನ್ನೂ ಹೋಲಿಸಿ ನೋಡಬೇಕು. ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ತೂಗುವ ಎರಡು ಮೀಟರುಗಳು ಎಂದರೆ ಒಂದೇ ರಾಶಿಗೆ ಇಳಿದ ಎರಡು ಕೊಳಗಗಳೇ.

ಆದರೆ ಈ ಅವಕಾಶ ದೂರು ಕೊಟ್ಟವರಿಗೆ ಮಾತ್ರ. ಮಳೆಗಾಲದಲ್ಲಿ ಹಳ್ಳ ದಾಟಿ ತಾಲೂಕು ಕೇಂದ್ರದ ಕಚೇರಿಗೆ ಹೋಗಿ, ಒಂದು ದಿನದ ಕೂಲಿ ಬಿಟ್ಟು, ಮೂರು ಯೂನಿಟ್ಟಿನ ಜಗಳಕ್ಕೆ ಕನ್ನಡದಲ್ಲಿ ಅರ್ಜಿ ಬರೆಸುವವರು ಜೊಯಿಡಾದ ಮಜರೆಗಳಲ್ಲಿ ಹೆಚ್ಚು ಮಂದಿ ಸಿಗಲಾರರು. ಸೂಪಾದ ನೀರಿಗೆ ಊರನ್ನೇ ಬಿಟ್ಟುಕೊಟ್ಟವರ ಮಕ್ಕಳು ಮೊಮ್ಮಕ್ಕಳೂ ಅವರಲ್ಲಿದ್ದಾರೆ. ದೂರಿಗಾಗಿ ಕಾಯದೆ, ಬದಲಾವಣೆ ನಡೆಯುವ ಪ್ರತಿ ಮಜರೆಯಲ್ಲಿಯೂ ಒಂದು ಕಡೆ ಹಳೆಯ ಮತ್ತು ಹೊಸ ಮೀಟರುಗಳನ್ನು ಮೂರು ತಿಂಗಳು ಜೊತೆಯಾಗಿ ಓಡಿಸುವುದು ಯೋಜನೆಯ ಭಾಗವೇ ಆಗಬಹುದು. ಅದಕ್ಕೆ ಯಾರದೋ ಮನೆಯ ಪಡಸಾಲೆಗಿಂತ ಎಲ್ಲರೂ ಬಂದುಹೋಗುವ ಶಾಲೆಯ ಅಥವಾ ಅಂಗನವಾಡಿಯ ಹೊರಗೋಡೆ ಸೂಕ್ತ. ಪಕ್ಕದಲ್ಲಿ ಒಂದು ಕರಿಹಲಗೆ ಇಟ್ಟು, ತಿಂಗಳಿಗೊಮ್ಮೆ ಊರವರ ಎದುರಿಗೆ ಎರಡೂ ಅಂಕಿಗಳನ್ನು ಬರೆದಿಡುವುದು ಗ್ರಾಮ ವಿದ್ಯುತ್ ಪ್ರತಿನಿಧಿಗೆ ಅರ್ಧ ಗಂಟೆಯ ಕೆಲಸ.